ಆರ್‌ಎಕ್ಸ್ 100 ಪೆಟ್ರೋಲ್ ಕಾಕ್: "ಒರಿಜಿನಲ್" ಅಂದ್ರೆ ನಂಬಬೇಡಿ, ಬಿಚ್ಚಿ ನೋಡಿ

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಹಳೇ ಯಮಹಾ ಆರ್‌ಎಕ್ಸ್ 100 ಇಟ್ಟುಕೊಂಡಿರೋರು ದಯವಿಟ್ಟು ಪೂರ್ತಿ ಓದಿ. ನಮ್ಮ ಗಾಡಿಯ ಪೆಟ್ರೋಲ್ ಕಾಕ್, ಅಂದ್ರೆ ಟ್ಯಾಂಕಿನಡಿ ಪೆಟ್ರೋಲ್ ಬಿಡೋ, ನಿಲ್ಲಿಸೋ ನಲ್ಲಿ, ಅದರ ರಿಪೇರಿಗೆ ಮೆಕ್ಯಾನಿಕ್‌ಗೆ 2,200 ರೂಪಾಯಿ ಕೊಟ್ಟಿದ್ದಾಯ್ತು, ಕೆಲಸ ಮಾತ್ರ ಆಗಿಲ್ಲ. ದುಡ್ಡಿಗಿಂತ ಹೆಚ್ಚು ಉರಿಯೋದು, ಪೆಟ್ರೋಲ್ ಯಾವಾಗ ಬೇಕಾದ್ರೂ ಸೋರಬಹುದಾದ ಗಾಡಿಯನ್ನ "ರೆಡಿ ಸಾರ್" ಅಂತ ಮನೆಗೆ ಕಳಿಸಿದ್ದು.

ತೊಂದರೆ ಇದ್ದದ್ದು ಇಷ್ಟೇ. ಕಾಕ್ ಆಫ್ ಮಾಡಿದ್ರೂ ಪೈಪಿನಲ್ಲಿ ಪೆಟ್ರೋಲ್ ಇಳೀತಿತ್ತು, ಕಾಕ್ ತಿರುಗಿಸೋ ಲಿವರ್ ಸುತ್ತ ಸ್ವಲ್ಪ ಒದ್ದೆ. ಬಿಚ್ಚಿದವರಿಗೆ ಗೊತ್ತು, ಲಿವರ್ ಹಿಂದೆ ನಾಲ್ಕು ತೂತಿನ ಒಂದು ರಬ್ಬರ್ ಇರುತ್ತೆ. ಅಲೆಅಲೆಯಾಗಿರೋ ತೆಳು ಸ್ಪ್ರಿಂಗ್ ವಾಷರ್ ಲಿವರನ್ನ ಆ ರಬ್ಬರಿಗೆ ಒತ್ತಿ ಹಿಡಿಯುತ್ತೆ. ವರ್ಷಗಟ್ಟಲೆ ತಿರುಗಿಸಿ ತಿರುಗಿಸಿ ರಬ್ಬರ್ ಮೇಲೆ ಗೆರೆ ಬೀಳುತ್ತೆ, ಗಟ್ಟಿಯಾಗುತ್ತೆ, ಆಮೇಲೆ ಆಫ್ ಅನ್ನೋದು ಹೆಸರಿಗೆ ಮಾತ್ರ. ಆ ರಬ್ಬರ್, ಲಿವರಿನ ಓ ರಿಂಗ್, ಟ್ಯಾಂಕಿಗೆ ಕೂರೋ ಕಡೆಯ ಸೀಲು, ಕೆಳಗಿನ ಬಟ್ಟಲಿನ ಓ ರಿಂಗ್. ಇವಿಷ್ಟು ಬದಲಾಯಿಸಿದ್ರೆ ಮುಗೀತು. ಅರ್ಧ ಗಂಟೆ ಕೆಲಸ.

ಈ ರಬ್ಬರು, ಸೀಲುಗಳ ಕಿಟ್ ಹಾಕಿ ಸಾಕು ಅಂತ ಹೇಳಿಯೇ ಮೆಕ್ಯಾನಿಕ್ ಹತ್ತಿರ ಗಾಡಿ ಬಿಟ್ಟಿದ್ದು. ಸಂಜೆ ಅವರ ಫೋನ್: "ಸಾರ್, ಬಾಡಿನೇ ತಿಂದುಹೋಗಿದೆ, ಕಿಟ್ ನಿಲ್ಲಲ್ಲ. ಒರಿಜಿನಲ್ ಕಾಕ್ ಒಂದೇ ಒಂದು ಪೀಸ್ ಇದೆ, ಬೇಕಾ ಹೇಳಿ." ಆರ್‌ಎಕ್ಸ್ 100 ತಯಾರಿಕೆ ನಿಂತಿದ್ದು 1996ರಲ್ಲಿ. ಒಂದೇ ಪೀಸ್ ಅಂದಾಗ ಯಾರು ಬೇಡ ಅಂತಾರೆ? ಹಳೇದು ವಾಪಸ್ ಕೊಡಬೇಕು ಅಂತ ಷರತ್ತು ಹಾಕಿ ಹೂಂ ಅಂದಿದ್ದು. ಕಾಕಿಗೆ 1,850, ಕೂಲಿ 350. ಗಾಡಿ ಕೊಟ್ಟಾಗ ಕಾಕ್ ಬೆಳ್ಳಿ ಹಾಗೆ ಹೊಳೀತಿತ್ತು. ಹಳೇದು ಅಂತ ಪ್ಲಾಸ್ಟಿಕ್ ಕವರಿನಲ್ಲಿ ಒಂದು ತುಕ್ಕು ಹಿಡಿದ ಕಾಕ್ ಕೊಟ್ಟರು.

ನಾಲ್ಕು ದಿನ ಸರಿ. ಐದನೇ ದಿನ ತೀರ್ಥಹಳ್ಳಿ ರಸ್ತೆಯಲ್ಲಿ, ಸಕ್ರೆಬೈಲು ದಾಟಿದ ಮೇಲೆ ಥ್ರಾಟಲ್ ಕೊಟ್ಟಷ್ಟೂ ಗಾಡಿ ಮುಗ್ಗರಿಸೋಕೆ ಶುರು. ನಿಧಾನ ಹೋದ್ರೆ ಓಡುತ್ತೆ, ಎಳೆದ್ರೆ ಸಾಯುತ್ತೆ. ಪೆಟ್ರೋಲ್ ಸಾಲ್ತಿಲ್ಲ ಅನ್ನೋದಕ್ಕೆ ಇದಕ್ಕಿಂತ ಗುರುತು ಬೇಡ. ಕಾರ್ಬೊರೇಟರ್ ಬಟ್ಟಲು ಬಿಚ್ಚಿದ್ರೆ ತಳದಲ್ಲಿ ಬೂದು ಬಣ್ಣದ ದಾರದಂಥ ಎಳೆಗಳು, ಒಂದು ತುಂಡು ಪೆಟ್ರೋಲ್ ಹೋಗೋ ಸಣ್ಣ ತೂತಿನ ಮೇನ್ ಜೆಟ್ಟಿಗೇ ಸಿಕ್ಕಿಕೊಂಡಿದೆ. ಸಿಲಿಕಾನ್. ಇಂಜಿನ್ ಕವರಿಗೆ ಬಳಿಯೋ ಸಾಮಾನ್ಯ ಗ್ಯಾಸ್ಕೆಟ್ ಪೇಸ್ಟ್. ಅದು ಪೆಟ್ರೋಲಿನಲ್ಲಿ ಊದಿಕೊಂಡು, ಮೆತ್ತಗಾಗಿ, ಎಳೆಎಳೆಯಾಗಿ ಕಿತ್ತುಬರುತ್ತೆ. ಪೆಟ್ರೋಲ್ ಹರಿಯೋ ಜಾಗಕ್ಕೆ ಅದನ್ನ ಬಳೀಬಾರದು ಅಂತ ಈ ಕೆಲಸದಲ್ಲಿರೋ ಯಾರಿಗೆ ಗೊತ್ತಿಲ್ಲ?

ಕಾಕ್ ಬಿಚ್ಚಿದಾಗಲೇ ಪೂರ್ತಿ ಗೊತ್ತಾಗಿದ್ದು. ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದ ಕೂಡಲೇ ಬೆಳ್ಳಿ ಬಣ್ಣ ಕೈಗೆ ಬಂತು. ಸ್ಪ್ರೇ ಪೇಂಟ್. ಅದರಡಿ ಹಿಂದಿನ ಬಾಡಿ, ಬಲಗಡೆ ಅಂಚಿನ ಹಳೇ ಅರದ ಗುರುತಿನ ಸಮೇತ. ಲಿವರ್ ಮತ್ತೆ ಮುಂದಿನ ಪ್ಲೇಟ್ ಮಾತ್ರ ಹೊಸದು. ಒಳಗಡೆ ಅದೇ ಗಟ್ಟಿ ರಬ್ಬರ್, ಸುತ್ತ ಸಿಲಿಕಾನ್. ಸ್ಪ್ರಿಂಗ್ ವಾಷರ್ ಇಲ್ಲವೇ ಇಲ್ಲ! ಅದಕ್ಕೇ ಪ್ಲೇಟಿನ ಎರಡು ಸ್ಕ್ರೂನ ತಲೆ ಹಾಳಾಗೋ ಹಾಗೆ ಬಿಗಿದಿದ್ರು, ಅದಕ್ಕೇ ಲಿವರ್ ಅಷ್ಟು ಬಿರುಸಾಗಿತ್ತು. ಹೊಸದಲ್ವಾ, ಬಿಗಿ ಇರುತ್ತೆ ಅಂತ ಸುಮ್ಮನಾಗಿದ್ದೇ ತಪ್ಪು. ಹಾಗಾದ್ರೆ ಕವರಿನಲ್ಲಿ ಕೊಟ್ಟಿದ್ದು? ಟ್ಯಾಂಕಿನ ಅಡಿಗೆ ಹಿಡಿದು ನೋಡಿದ್ರೆ ಬೋಲ್ಟಿನ ತೂತುಗಳು ಕೂರೋದೇ ಇಲ್ಲ. ಬೇರೆ ಯಾವುದೋ ಗಾಡಿಯದು, ಗುಜರಿಯಿಂದ ಎತ್ತಿ ಕೊಟ್ಟಿದ್ದು. ನಮ್ಮ ಕಾಕನ್ನೇ ನಮಗೆ 1,850ಕ್ಕೆ ಮಾರಿ, ಸಾಕ್ಷಿಗೆ ಬೇರೆಯವರ ಕಸ ಕೈಗಿಟ್ಟಿದ್ದಾರೆ. ಮನೆಗೆ ತಂದ ದಿನವೇ ಆ ಕವರ್ ಬಿಚ್ಚಿ ಟ್ಯಾಂಕಿಗೆ ಹಿಡಿದು ನೋಡಿದ್ದಿದ್ರೆ ಅಲ್ಲೇ ಗೊತ್ತಾಗ್ತಿತ್ತು.

ಮೆಕ್ಯಾನಿಕ್‌ನ ಕೇಳಿದ್ದಕ್ಕೆ ಬಂದ ಉತ್ತರ: "ಒರಿಜಿನಲ್ ಅಂದೆ ಸಾರ್. ಹೊಸದು ಅಂದ್ನಾ? ಗಾಡಿ ಜೊತೆ ಬಂದಿದ್ದೇ ಒರಿಜಿನಲ್ ಅಲ್ವಾ?" ಬಿಲ್ ತೆಗೆದು ನೋಡಿದ್ರೆ ನಿಜವಾಗಿಯೂ "ಪೆಟ್ರೋಲ್ ಕಾಕ್ ಒರಿಜಿನಲ್ 1850" ಅಂತಷ್ಟೇ ಇದೆ. ಒಂದೇ ಪೀಸ್ ಇದೆ ಅಂದ್ರಲ್ಲ ಅಂದ್ರೆ ಮಾತಿಲ್ಲ. ಸಿಲಿಕಾನ್ ಯಾಕೆ ಅಂದ್ರೆ, "ಈಗಿನ ಎಥನಾಲ್ ಪೆಟ್ರೋಲಿಗೆ ಯಾವ ರಬ್ಬರೂ ನಿಲ್ಲಲ್ಲ, ನಿಮ್ಮ ಒಳ್ಳೇದಕ್ಕೇ ಹಾಕಿದ್ದು." ಸ್ಪ್ರಿಂಗ್ ವಾಷರ್? "ಹಳೇ ಗಾಡಿಗೆ ಅದೆಲ್ಲಾ ಬೇಡ ಸಾರ್." ಬೇಡವಂತೆ! ಆಮೇಲೆ ಫೋನ್ ಎತ್ತಿಲ್ಲ.

ಎಥನಾಲ್ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಜನ ನಂಬೋದು. ಶೇ. 20ರ ಮಿಶ್ರಣ ಹಳೇ ಕಾಲದ ರಬ್ಬರನ್ನ ಊದಿಸುತ್ತೆ, ನೀರಿನಂಶವನ್ನೂ ಹೀರುತ್ತೆ. ನಮ್ಮ ಮಳೆಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ನಿಂತ್ರೆ ಟ್ಯಾಂಕಿನ ತಳದಲ್ಲಿ ನೀರು, ತುಕ್ಕು ಸೇರುತ್ತೆ. ಆನ್‌ಗೆ ಪೆಟ್ರೋಲ್ ಬರೋದು ಎತ್ತರದ ಕೊಳವೆಯಿಂದ, ರಿಸರ್ವ್‌ಗೆ ತಳದಿಂದ. ಅದಕ್ಕೇ ರಿಸರ್ವ್‌ಗೆ ಹಾಕಿದಾಗಲೇ ಕಸ ಬರೋದು. ಅದಕ್ಕೆ ಮದ್ದು ಜಾಲರಿ ತೊಳೆಯೋದು, ಕಾಕಿನ ಕೆಳಗಿನ ಬಟ್ಟಲು ಖಾಲಿ ಮಾಡೋದು, ಎಥನಾಲ್ ತಡೆಯೋ ರಬ್ಬರ್ ಹಾಕೋದು. ಪೇಸ್ಟ್ ಬಳಿಯೋದಲ್ಲ.

ಇದು ಸಣ್ಣ ವಿಷಯ ಅನ್ನೋರಿಗೆ ಒಂದು ಮಾತು. ಕಾಕ್ ಪೆಟ್ರೋಲ್ ನಿಲ್ಲಿಸದಿದ್ರೆ ಕಾರ್ಬೊರೇಟರ್ ಒಳಗೆ ಅದನ್ನ ತಡೆಯೋ ಫ್ಲೋಟ್ ಸೂಜಿ ಒಂದೇ ಗತಿ. ಅದೂ ಸವೆದಿದ್ರೆ ಪೆಟ್ರೋಲ್ ನೆಲಕ್ಕೆ ಸುರಿಯುತ್ತೆ, ಇಲ್ಲ ಇಂಜಿನ್ನಿನ ತಳದ ಕ್ರ್ಯಾಂಕ್‌ಕೇಸಿಗೆ ಇಳಿದು ಬೆಳಿಗ್ಗೆ ಪ್ಲಗ್ ಒದ್ದೆ. ನಮ್ಮ ಕಡೆ ಗಾಡಿ ನಿಲ್ಲಿಸೋದು ಕೊಟ್ಟಿಗೆ ಪಕ್ಕ, ಬಚ್ಚಲ ಒಲೆ ಹತ್ತಿರ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದೇ ಹರಿಯುತ್ತೆ. ಬೆಳಿಗ್ಗೆ ಹಂಡೆಗೆ ಉರಿ ಹಾಕುವಾಗ ಆ ಆವಿ ಅಲ್ಲಿದ್ರೆ?

ಕಾಕ್ ರಿಪೇರಿಗೆ ಕೊಡೋ ಮೊದಲು ಬಾಡಿ ಮೇಲೆ ಕಾಣದ ಕಡೆ ಒಂದು ಗೀರು ಹಾಕಿ, ಫೋಟೊ ತೆಗೀರಿ. ವಾಪಸ್ ಕೊಟ್ಟ ಹಳೇ ಸಾಮಾನನ್ನ ಅಲ್ಲೇ ಟ್ಯಾಂಕಿಗೆ ಹಿಡಿದು ನೋಡಿ. ಬಿಲ್ಲಿನಲ್ಲಿ "ಹೊಸದು" ಅಂತ ಬರೆಸಿ, "ಒರಿಜಿನಲ್" ಸಾಲದು. ಅಂಗಡಿಯಲ್ಲೇ ಕಾರ್ಬೊರೇಟರ್ ಕಡೆಯ ಪೈಪ್ ಕಿತ್ತು ಬಾಟಲಿಗೆ ಹಾಕಿ. ಆಫ್‌ನಲ್ಲಿ ಹದಿನೈದು ನಿಮಿಷ, ಒಂದು ಹನಿಯೂ ಬೀಳಬಾರದು. ಆಮೇಲೆ ಆನ್, ರಿಸರ್ವ್ ಎರಡರಲ್ಲೂ ಧಾರೆ ಒಂದೇ ಸಮ ಬರಬೇಕು. ಮೊದಲು ಚೆನ್ನಾಗಿ ಬಂದು ಆಮೇಲೆ ಸಣ್ಣಗಾದ್ರೆ ಟ್ಯಾಂಕ್ ಮುಚ್ಚಳ ತೆಗೆದು ನೋಡಿ. ಧಾರೆ ಮತ್ತೆ ಜೋರಾದ್ರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಅಂತ ಅರ್ಥ, ಕಾಕಿಗೆ ದುಡ್ಡು ಕೊಡಬೇಡಿ.

ಈಗ ಅದೇ ಹಳೇ ಬಾಡಿಗೆ ಕಿಟ್ ಹಾಕಿದ್ದಾಗಿದೆ. ಸಿಲಿಕಾನನ್ನ ಬಿದಿರು ಕಡ್ಡಿಯಲ್ಲಿ ಕೆರೆದು, ಟ್ಯಾಂಕಿಗೆ ಕೂರೋ ಮುಖವನ್ನ ಗಾಜಿನ ಮೇಲೆ 1000 ನಂಬರ್ ವಾಟರ್ ಪೇಪರ್ ಇಟ್ಟು ಸಮ ಮಾಡಿ, ಸ್ಪ್ರಿಂಗ್ ವಾಷರ್ ಹಾಕಿ, ಬೋಲ್ಟಿನ ವಾಷರ್ ಹೊಸದು ಹಾಕಿ ಕೂರಿಸಿದ ಮೇಲೆ ಆಫ್‌ನಲ್ಲಿ ಒಂದು ಹನಿ ಬೀಳ್ತಿಲ್ಲ. "ತಿಂದುಹೋಗಿದೆ, ಕಿಟ್ ನಿಲ್ಲಲ್ಲ" ಅಂದ ಬಾಡಿ ಇದೇ.