ಫೋಕಸರ್‌ಗೆ ಮೋಟಾರ್ ಕೂರಿಸುವ ಮುನ್ನ ಇದನ್ನು ಓದಿ

ಟೆಲಿಸ್ಕೋಪಿನಲ್ಲಿ ಚಿತ್ರ ಸ್ಪಷ್ಟವಾಗುವಂತೆ ಕ್ಯಾಮೆರಾವನ್ನು ಹಿಂದೆ ಮುಂದೆ ಸರಿಸುವ ಭಾಗವೇ ಫೋಕಸರ್. ಅದರಲ್ಲಿ ಕ್ರೇಫೋರ್ಡ್ ಎಂಬ ಬಗೆಯ ಯಾವ ಫೋಕಸರ್‌ಗಾದರೂ ಹೊಂದುತ್ತದೆ ಎಂದು ಹೇಳಿ ಮಾರುವ ಮೋಟಾರ್ ಕಿಟ್‌ಗಳ ಬಗ್ಗೆ ಎಚ್ಚರವಿರಲಿ. ಅಂಥದೊಂದು ಕಿಟ್‌ನಿಂದಾಗಿ ನನ್ನ ಟೆಲಿಸ್ಕೋಪಿನ ಡ್ರಾಟ್ಯೂಬ್ (ಫೋಕಸರ್‌ನಲ್ಲಿ ಕ್ಯಾಮೆರಾ ಹೊತ್ತು ಒಳಗೆ ಹೊರಗೆ ಸರಿಯುವ ಕೊಳವೆ) ಮೇಲೆ ಗುಳಿ ಬಿದ್ದಿದೆ. ಅದೂ ಕ್ಯಾಮೆರಾ ಫೋಕಸ್‌ಗೆ ಬರುವ ಜಾಗದಲ್ಲೇ. ಈಗ ಮೋಟಾರ್ ಬಿಚ್ಚಿಟ್ಟು ಕೈಯಿಂದ ತಿರುಗಿಸಿದರೂ ಅಲ್ಲಿಗೆ ಬಂದಾಗ ಟ್ಯೂಬ್ ಜಾರುತ್ತದೆ.

ಕ್ರೇಫೋರ್ಡ್ ಫೋಕಸರ್‌ನಲ್ಲಿ ಹಲ್ಲುಗಳೇ ಇಲ್ಲ. ಇಂಗ್ಲೆಂಡಿನ ಕ್ರೇಫೋರ್ಡ್‌ನ ಖಗೋಳ ಸಂಘದ ಸದಸ್ಯ ಜಾನ್ ವಾಲ್ ರೂಪಿಸಿದ ವಿನ್ಯಾಸ ಅದು. ಒಂದು ಕಡೆ ನಾಲ್ಕು ಬೇರಿಂಗ್‌ಗಳು, ಎದುರು ಕಡೆ ಒಂದು ಉಕ್ಕಿನ ಶಾಫ್ಟ್, ಎರಡರ ನಡುವೆ ಒತ್ತಿ ಹಿಡಿದ ಡ್ರಾಟ್ಯೂಬ್. ಶಾಫ್ಟ್ ತಿರುಗಿದಾಗ ಘರ್ಷಣೆಯೊಂದರ ಬಲದಿಂದಲೇ ಟ್ಯೂಬ್ ಸರಿಯುತ್ತದೆ. ಎಷ್ಟು ಒತ್ತಬೇಕು ಎಂಬುದನ್ನು ಟೆನ್ಶನ್ ಸ್ಕ್ರೂ ನಿರ್ಧರಿಸುತ್ತದೆ. ಆ ಸ್ಕ್ರೂ ಬಿಗಿಸಿದಾಗ ಶಾಫ್ಟ್ ಕೂದಲೆಳೆಯಷ್ಟು ಟ್ಯೂಬಿನತ್ತ ಸರಿಯಬೇಕು. ಅದು ಹಾಗೆ ಸರಿಯದಂತೆ ಕಟ್ಟಿಹಾಕಿದರೆ ಇಡೀ ವ್ಯವಸ್ಥೆ ಕೆಲಸ ಮಾಡುವುದಿಲ್ಲ.

ನನಗೆ ಬಂದ ಕಿಟ್ ಮಾಡಿದ್ದು ಅದನ್ನೇ. ಬ್ರಾಕೆಟ್ ಫೋಕಸರ್ ಮೈಗೆ ನೇರವಾಗಿ ಬಿಗಿಯುತ್ತಿತ್ತು, ರಂಧ್ರಗಳು ದುಂಡಗಿದ್ದವು, ಅತ್ತಿತ್ತ ಹೊಂದಿಸಲು ಜಾಗವಿರಲಿಲ್ಲ. ಮೋಟಾರ್ ಮತ್ತು ಶಾಫ್ಟ್ ನಡುವೆ ಎರಡನ್ನೂ ಜೋಡಿಸಲು ಕೊಟ್ಟಿದ್ದು ಬಾಗದ ಗಟ್ಟಿ ಹಿತ್ತಾಳೆಯ ಕಪ್ಲರ್. ಮೋಟಾರಿನ ಮತ್ತು ಶಾಫ್ಟಿನ ತಿರುಗುವ ಅಚ್ಚುಗಳು ಒಂದೇ ನೇರದಲ್ಲಿ ಇರಲಿಲ್ಲ. ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರಲಿಲ್ಲ, ಆದರೆ ಪ್ರತಿ ಸುತ್ತಿಗೊಮ್ಮೆ ಮೋಟಾರ್ ಶಾಫ್ಟನ್ನು ಟ್ಯೂಬಿನಿಂದ ಎತ್ತಿಹಿಡಿಯಲು ಅಷ್ಟೇ ಸಾಕಾಯಿತು. ಮೇಜಿನ ಮೇಲೆ, ಕ್ಯಾಮೆರಾ ಇಲ್ಲದೆ ಓಡಿಸಿದಾಗ ಎಲ್ಲ ನಯವಾಗಿಯೇ ಇತ್ತು.

ಆಕಾಶದಡಿ ಲಕ್ಷಣಗಳು ಒಂದೊಂದಾಗಿ ಕಂಡವು. ಆಟೋಫೋಕಸ್ ಮಾಡಿದಾಗ, ಟ್ಯೂಬ್ ಸರಿದಂತೆ ನಕ್ಷತ್ರದ ಗಾತ್ರ ತೋರಿಸುತ್ತಾ ಇಂಗ್ಲಿಷಿನ ‘ವಿ’ ಆಕಾರದಲ್ಲಿ ಬರಬೇಕಾದ ಗೆರೆಯ ಒಂದು ತೋಳು ನೇರ, ಇನ್ನೊಂದು ಅಂಕುಡೊಂಕು. ಪರದೆಯ ಮೇಲೆ ಮೋಟಾರಿನ ಅದೇ ಹೆಜ್ಜೆಯ ಸಂಖ್ಯೆಗೆ ಹಿಂದಿರುಗಿದರೂ ನಕ್ಷತ್ರಗಳು ಊದಿಕೊಂಡಿರುತ್ತಿದ್ದವು. ಟೆಲಿಸ್ಕೋಪ್ ನೆತ್ತಿಯತ್ತ ತಿರುಗಿದಾಗಲಂತೂ ಕ್ಯಾಮೆರಾದ ಭಾರಕ್ಕೆ ಟ್ಯೂಬ್ ತಾನಾಗಿಯೇ ಕೆಳಗಿಳಿಯುತ್ತಿತ್ತು. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಈ ಸ್ಟೆಪ್ಪರ್ ಮೋಟಾರ್ ತಾನು ಎಷ್ಟು ಹೆಜ್ಜೆ ತಿರುಗಿದೆ ಎಂಬುದನ್ನು ಮಾತ್ರ ಎಣಿಸುತ್ತದೆ. ಟ್ಯೂಬ್ ನಿಜವಾಗಿ ಸರಿಯಿತೇ ಎಂಬುದು ಅದಕ್ಕೆ ತಿಳಿಯದು, ಆ ಸಂಖ್ಯೆಯನ್ನೇ ನಂಬುವ ತಂತ್ರಾಂಶಕ್ಕೂ ತಿಳಿಯದು.

ಮಾರಿದವರನ್ನು ಕೇಳಿದಾಗ ಬಂದ ಮೊದಲ ಉತ್ತರ: ತಂತ್ರಾಂಶದಲ್ಲಿ ಬ್ಯಾಕ್‌ಲ್ಯಾಷ್ (ದಿಕ್ಕು ಬದಲಿಸಿದಾಗ ಗೇರ್‌ಗಳ ಸಡಿಲದಿಂದ ವ್ಯರ್ಥವಾಗುವ ತಿರುಗಾಟ) ಮೌಲ್ಯ ಹೆಚ್ಚಿಸಿ. ಹೆಚ್ಚಿಸಿದರೂ ಗುಣ ಕಾಣಲಿಲ್ಲ. ಎರಡನೆಯ ಉತ್ತರ: ಟೆನ್ಶನ್ ಸ್ಕ್ರೂ ಪೂರ್ತಿ ಬಿಗಿಸಿ. ಹಾನಿಯಾದದ್ದು ಈ ಸಲಹೆಯಿಂದ. ಒಂದೇ ನೇರದಲ್ಲಿಲ್ಲದ ಶಾಫ್ಟನ್ನು ಅಲ್ಯೂಮಿನಿಯಂ ಟ್ಯೂಬಿಗೆ ಬಲವಾಗಿ ಒತ್ತಿಟ್ಟು, ಅದೇ ನಾಲ್ಕೈದು ಮಿಲಿಮೀಟರ್ ಜಾಗದಲ್ಲಿ ರಾತ್ರಿಯಿಡೀ ಹಿಂದೆ ಮುಂದೆ ಓಡಿಸಿದರೆ ಮೆತ್ತನೆಯ ಲೋಹ ಸವೆಯದೆ ಇನ್ನೇನಾದೀತು? ಸವೆತಕ್ಕೆ ತಾವು ಹೊಣೆಯಲ್ಲ ಎಂದು ಕೊನೆಗೆ ಅವರೇ ಬರೆದರು. ಈ ಮಾತು ನನಗೆ ಇಂದಿಗೂ ನೋವು ಕೊಡುತ್ತದೆ. ಸಲಹೆ ಕೊಡುವ ಮುನ್ನ ಒಂದು ಅಳತೆ ತೆಗೆದು ಕಳಿಸಿ ಎಂದು ಕೇಳಿದ್ದರೂ ಸಾಕಿತ್ತು.

ಆ ಅಳತೆ ಯಾವುದೆಂದು ಹೇಳುತ್ತೇನೆ. ಬೇಕಾಗಿರುವುದು ಒಂದು ಡಿಜಿಟಲ್ ಕ್ಯಾಲಿಪರ್, ಅಥವಾ ಇನ್ನೂ ಒಳ್ಳೆಯದೆಂದರೆ ಡಯಲ್ ಗೇಜ್. ಟೆಲಿಸ್ಕೋಪನ್ನು ಮೇಲ್ಮುಖವಾಗಿ ನಿಲ್ಲಿಸಿ, ಕ್ಯಾಮೆರಾ ಅಥವಾ ಅದರಷ್ಟೇ ತೂಕ ಹಾಕಿ. ಒಂದೇ ದಿಕ್ಕಿನಲ್ಲಿ 500 ಹೆಜ್ಜೆಯಂತೆ ಹಲವು ಸಲ ಸರಿಸಿ, ಪ್ರತಿ ಸಲ ಟ್ಯೂಬ್ ಎಷ್ಟು ಚಲಿಸಿತೆಂದು ಬರೆದುಕೊಳ್ಳಿ. ಆಮೇಲೆ ದಿಕ್ಕು ಬದಲಿಸಿ ಅದನ್ನೇ ಮಾಡಿ. ದಿಕ್ಕು ಬದಲಾದ ಮೊದಲ ಸಲ ಮಾತ್ರ ಕಡಿಮೆ ಬಂದು ಉಳಿದವೆಲ್ಲ ಸಮನಾಗಿದ್ದರೆ ಅದು ಬ್ಯಾಕ್‌ಲ್ಯಾಷ್, ಗೇರ್‌ಗಳ ಸಡಿಲ. ಅದನ್ನು ತಂತ್ರಾಂಶ ಸರಿದೂಗಿಸಬಲ್ಲದು. ಭಾರ ಎತ್ತುವಾಗ ಕಡಿಮೆ, ಇಳಿಸುವಾಗ ಹೆಚ್ಚು ಬಂದರೆ ಅದು ಜಾರಿಕೆ. ಒಂದೇ ದಿಕ್ಕಿನಲ್ಲೇ ಹೆಚ್ಚು ಕಡಿಮೆಯಾಗುತ್ತಾ, ಶಾಫ್ಟ್ ಸುತ್ತು ತಿರುಗಿದಂತೆಲ್ಲ ಅದೇ ಏರಿಳಿತ ಮರುಕಳಿಸಿದರೆ ಅಚ್ಚುಗಳು ನೇರದಲ್ಲಿಲ್ಲ. ಈ ಕೊನೆಯ ಎರಡಕ್ಕೆ ಯಾವ ತಂತ್ರಾಂಶದಲ್ಲೂ ಮದ್ದಿಲ್ಲ. ನನ್ನ ಅಳತೆಯಲ್ಲಿ ಮೂರನೆಯದು ಕಂಡಿತು, ಆದರೆ ಅಷ್ಟು ಹೊತ್ತಿಗೆ ಗುಳಿ ಬಿದ್ದಾಗಿತ್ತು.

ಇಷ್ಟು ಸೂಕ್ಷ್ಮ ಯಾಕೆ ಎನ್ನುವವರಿಗೆ ಲೆಕ್ಕ ಹೀಗಿದೆ. ಎಫ್/5 ಟೆಲಿಸ್ಕೋಪಿನಲ್ಲಿ (ನಾಭಿದೂರ ವ್ಯಾಸದ ಐದು ಪಟ್ಟು ಇರುವಂಥದ್ದು) ಹಸಿರು ಬೆಳಕಿಗೆ ಫೋಕಸ್ ಸರಿಯಿದೆ ಎನ್ನಬಹುದಾದ ಪಟ್ಟಿ ಸುಮಾರು 67 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಎಫ್/4ರಲ್ಲಿ ಸುಮಾರು 43. ಅಲ್ಯೂಮಿನಿಯಂ ಮೀಟರಿಗೆ, ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 23 ಮೈಕ್ರಾನ್ ಕುಗ್ಗುತ್ತದೆ. 700 ಮಿ.ಮೀ. ಕೊಳವೆ 5 ಡಿಗ್ರಿ ತಣ್ಣಗಾದರೆ 80 ಮೈಕ್ರಾನ್ ಆಯಿತು, ಅಂದರೆ ಫೋಕಸ್ ಪಟ್ಟಿಯಿಂದಲೇ ಹೊರಗೆ. ಮೋಟಾರ್ ಬೇಕಾಗುವುದು ಇದಕ್ಕೇ. ಪ್ರತಿ ಸುತ್ತಿನಲ್ಲಿ ನೂರಾರು ಮೈಕ್ರಾನ್ ಏರುಪೇರು ಮಾಡುವ ಜೋಡಣೆಯಿದ್ದರೆ ಅದಕ್ಕಿಂತ ಕೈಯೇ ವಾಸಿ.

ಹೆಜ್ಜೆಯ ಗಾತ್ರವನ್ನೂ ಕೊಳ್ಳುವ ಮೊದಲೇ ಲೆಕ್ಕ ಹಾಕಿ. ಶಾಫ್ಟಿನ ವ್ಯಾಸ 6 ಮಿ.ಮೀ. ಇದ್ದರೆ ಒಂದು ಸುತ್ತಿಗೆ ಟ್ಯೂಬ್ 18.8 ಮಿ.ಮೀ. ಸರಿಯುತ್ತದೆ. ಸುತ್ತಿಗೆ 200 ಹೆಜ್ಜೆಯ ಮೋಟಾರನ್ನು ಗೇರ್ ಇಲ್ಲದೆ ಜೋಡಿಸಿದರೆ ಹೆಜ್ಜೆಗೆ 94 ಮೈಕ್ರಾನ್, ಎಫ್/5ಕ್ಕೆ ಅದು ನಿರುಪಯೋಗಿ. ಗೇರ್ ಇರುವ ಮೋಟಾರ್ ಆದರೆ ಟ್ಯೂಬನ್ನು ವೇಗವಾಗಿ ಸರಿಸುವ ದಪ್ಪ ಗುಂಡಿಯ ಕಡೆಯ ಶಾಫ್ಟಿಗೇ ಜೋಡಿಸಿ. ನಿಧಾನವಾಗಿ ಸರಿಸುವ ಸೂಕ್ಷ್ಮ ಗುಂಡಿಯೊಳಗಿನ 10:1 ಜೋಡಣೆ (ಗುಂಡಿ ಹತ್ತು ಸುತ್ತಿದರೆ ಶಾಫ್ಟ್ ಒಂದು ಸುತ್ತು) ಬಹುತೇಕ ಫೋಕಸರ್‌ಗಳಲ್ಲಿ ಗುಂಡುಗಳ ಘರ್ಷಣೆಯಿಂದಲೇ ನಡೆಯುವುದು, ಅದರ ಮೂಲಕ ಓಡಿಸಿದರೆ ಜಾರಲು ಇನ್ನೊಂದು ಜಾಗ ಸಿಕ್ಕಂತೆ.

ವಿದ್ಯುತ್ತಿನ ವಿಷಯದಲ್ಲಿ ಎರಡೇ ಮಾತು. ವಿದ್ಯುತ್ ಹರಿಯುತ್ತಿರುವಾಗ ಸ್ಟೆಪ್ಪರ್ ಮೋಟಾರಿನ ತಂತಿ ಕೀಳಬೇಡಿ, ಮೋಟಾರನ್ನು ನಡೆಸುವ ಡ್ರೈವರ್ ಚಿಪ್ ಸುಟ್ಟುಹೋಗಬಹುದು. ಫೋನ್ ತಂತಿಯಂಥ ಕನೆಕ್ಟರ್ ನೋಡಲು ಒಂದೇ ಥರ ಇದ್ದರೂ ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟಿನ ತಂತಿಯನ್ನು ಫೋಕಸರ್‌ಗೆ ಸಿಕ್ಕಿಸಬೇಡಿ, ಒಳಗಿನ ಜೋಡಣೆ ಬೇರೆ ಇರುತ್ತದೆ. ಜೊತೆಗೆ ಟ್ಯೂಬ್ ಪೂರ್ತಿ ಒಳಗಿರುವಾಗ ಶೂನ್ಯ ಎಂದು ಗುರುತಿಸಿ, ಗರಿಷ್ಠ ಹೆಜ್ಜೆಯ ಮಿತಿಯನ್ನು ಮೊದಲ ದಿನವೇ ಹಾಕಿ. ಕೊನೆ ತಲುಪಿದ್ದು ಮೋಟಾರಿಗೆ ತಿಳಿಯುವುದಿಲ್ಲ, ತಳ್ಳುತ್ತಲೇ ಇರುತ್ತದೆ. ಟ್ಯೂಬನ್ನು ಅಲುಗದಂತೆ ಹಿಡಿಯುವ ಲಾಕ್ ಸ್ಕ್ರೂ ಸಡಿಲವಾಗಿದೆಯೇ ಎಂದೂ ನೋಡಿಕೊಳ್ಳಿ.

ಕಿಟ್ ಕೊಳ್ಳುವವರು ಮಾರುವವರನ್ನು ಇಷ್ಟು ಕೇಳಿ: ನನ್ನದೇ ಮಾದರಿಯ ಫೋಕಸರ್ ಮೇಲೆ ಕೂರಿಸಿದ ಚಿತ್ರ ಇದೆಯೇ, ಬ್ರಾಕೆಟ್‌ನ ರಂಧ್ರಗಳು ಉದ್ದನೆಯ ಸೀಳಿನಂತಿವೆಯೇ, ಕಪ್ಲರ್ ಬಾಗುವಂಥದ್ದೇ, ಬ್ರಾಕೆಟ್‌ನ ಅಳತೆಯ ನಕ್ಷೆ ಕೊಡುತ್ತೀರಾ. ನನಗೆ ಮಾರಿದವರ ಬಳಿ ನಕ್ಷೆಯೇ ಇರಲಿಲ್ಲ.