ವ್ಯರ್ಥ ಶಾಖದಿಂದ ವಿದ್ಯುತ್: ಉಗಿ ಟರ್ಬೈನೋ, ಥರ್ಮೋಎಲೆಕ್ಟ್ರಿಕ್ ಫಲಕವೋ?

ಬಳ್ಳಾರಿ, ಕೊಪ್ಪಳ ಭಾಗದ ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆಯೇ ತಯಾರಿಸುವ ಕಬ್ಬಿಣ) ಕಾರ್ಖಾನೆಗಳ ಕುಲುಮೆಯಿಂದ ಹೊರಬೀಳುವ ಅನಿಲ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿರುತ್ತದೆ. ಇಂತಹ ಶಾಖ ಹಗಲಿರುಳು ಹೇರಳವಾಗಿ ದೊರೆಯುವಲ್ಲಿ ಬಾಯ್ಲರ್ ಕೂರಿಸಿ ಉಗಿಯಿಂದ ಟರ್ಬೈನ್ ತಿರುಗಿಸುವುದೇ ಲೇಸು. ಅಲ್ಲಿ ಬೇರೆ ಯೋಚನೆ ಬೇಡ.

ಥರ್ಮೋಎಲೆಕ್ಟ್ರಿಕ್ ಫಲಕದ ತತ್ವ 1821ರಲ್ಲಿ ಭೌತವಿಜ್ಞಾನಿ ಸೀಬೆಕ್ ಗುರುತಿಸಿದ್ದು: ಎರಡು ಬಗೆಯ ವಾಹಕಗಳನ್ನು ಜೋಡಿಸಿ, ಒಂದು ತುದಿಯನ್ನು ಬಿಸಿಯಾಗಿ, ಇನ್ನೊಂದನ್ನು ತಂಪಾಗಿ ಇಟ್ಟರೆ ವಿದ್ಯುತ್ ಹುಟ್ಟುತ್ತದೆ. ತಿರುಗುವ ಭಾಗ, ಸದ್ದು, ಉಗಿ ಯಾವುದೂ ಇಲ್ಲ. 1977ರಲ್ಲಿ ಹಾರಿದ ವಾಯೇಜರ್ ಬಾಹ್ಯಾಕಾಶ ನೌಕೆಗಳಿಗೆ ಇಂದಿಗೂ ವಿದ್ಯುತ್ ಒದಗಿಸುತ್ತಿರುವುದು ಇದೇ ತತ್ವ. ಆದರೆ ಮಾರುಕಟ್ಟೆಯಲ್ಲಿ ಸಿಗುವ ಬಿಸ್ಮತ್ ಟೆಲ್ಯುರೈಡ್ ಎಂಬ ಸಂಯುಕ್ತದ ಫಲಕಗಳು ಸುಮಾರು 250 ಡಿಗ್ರಿಯವರೆಗಷ್ಟೇ ತಾಳುತ್ತವೆ, ಮತ್ತು ಹಾದುಹೋಗುವ ಶಾಖದಲ್ಲಿ ನೂರಕ್ಕೆ ಐದು ಪಾಲಿನಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತವೆ. ಟರ್ಬೈನ್ ವ್ಯವಸ್ಥೆ ಇದರ ಹಲವು ಪಟ್ಟು ಕೊಡುತ್ತದೆ. ಮೇಲಾಗಿ, ರಾಯಚೂರಿನ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟಿದಾಗ ತಂಪು ತುದಿಯನ್ನು ತಂಪಾಗಿಡುವುದೇ ದೊಡ್ಡ ಕೆಲಸ. ನೀರು ಹರಿಸಿದರೆ ಪಂಪಿನ ಖರ್ಚು ಉತ್ಪಾದನೆಯಿಂದಲೇ ಕಳೆಯುತ್ತದೆ.

ಗಂಗಾವತಿಯ ಅಕ್ಕಿ ಗಿರಣಿಯವರಿಗೆ ನನ್ನ ಸಲಹೆ ಬೇರೆ. ಹೊಟ್ಟು ಉರಿಸುವ ಬಾಯ್ಲರಿನ ಚಿಮಣಿಯ ಶಾಖದಿಂದ ಬಾಯ್ಲರಿಗೆ ಹೋಗುವ ನೀರನ್ನು ಮೊದಲೇ ಬಿಸಿ ಮಾಡಿಕೊಂಡರೆ, ವಿದ್ಯುತ್ತಿನ ಗೋಜಿಲ್ಲದೆ ಹೊಟ್ಟು ಉಳಿಯುತ್ತದೆ. ಕೈಗೆಟುಕದ ಪೈಪಿನ ಮೇಲಿನ ಉಷ್ಣತಾ ಸೆನ್ಸರ್‌ಗೆ ತಂತಿ ಎಳೆಯಲಾಗದ ಕಡೆ ಮಾತ್ರ ಅಂಗೈಯಗಲದ ಫಲಕವೊಂದನ್ನು ಧೈರ್ಯವಾಗಿ ಕೊಳ್ಳಬಹುದು.