ಎರಡೂವರೆ ವರ್ಷ ಹೆಗಲಿಗೆ ಬಿದ್ದ ಗೇಮಿಂಗ್ ಲ್ಯಾಪ್‌ಟಾಪ್

ಡಬ್ಬದ ಮೇಲೆ 1.65 ಕೆಜಿ ಅಂತ ಇತ್ತು. ಅದಕ್ಕೇ ಮರುಳಾಗಿ ತಗೊಂಡೆ. ಚಾರ್ಜರ್ ತೂಕ ಎಷ್ಟು ಅಂತ ಎಲ್ಲೂ ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ಒಂದು ವಾರ ಕ್ಲಾಸಿಗೆ ಹೊತ್ತು ತಿರುಗಿದ ಮೇಲೆ ಬಲ ಹೆಗಲು ನೋಯಲು ಶುರುವಾಯಿತು. ಅನುಮಾನ ಬಂದು ಅಡುಗೆಮನೆಯ ತಕ್ಕಡಿ ಮೇಲೆ ಇಟ್ಟು ನೋಡಿದೆ. 180 ವ್ಯಾಟ್‌ನ ಇಟ್ಟಿಗೆಯಂಥ ಚಾರ್ಜರ್, ಅದರ ಎರಡು ಕಡೆಯ ವೈರು, ಎಲ್ಲಾ ಸೇರಿ 640 ಗ್ರಾಂ. ಅಂದರೆ ದಿನಾ ಹೊರುತ್ತಿದ್ದದ್ದು ಹೆಚ್ಚುಕಡಿಮೆ 2.3 ಕೆಜಿ. ಅಷ್ಟು ತೂಕಕ್ಕೆ 16 ಇಂಚಿನದ್ದೇ ಬರುತ್ತಿತ್ತಲ್ಲ ಅಂತ ನನ್ನನ್ನೇ ಬೈದುಕೊಂಡೆ. ಅದಕ್ಕೂ ಒಂದು ಚಾರ್ಜರ್ ಇರುತ್ತದೆ ಅನ್ನುವುದು ಆಮೇಲೆ ಹೊಳೆಯಿತು.

2023ರ ಕೊನೆಯಲ್ಲಿ, ಮೆಕ್ಯಾನಿಕಲ್ ಸೇರಿದ ವರ್ಷ ಕೊಂಡದ್ದು ಇದು. 14 ಇಂಚಿನ ಸ್ಕ್ರೀನ್, ರೈಜನ್ 9 7940ಎಚ್‌ಎಸ್ ಪ್ರೊಸೆಸರ್, ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಚಿಪ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 73 ವ್ಯಾಟ್‌ಅವರ್ ಬ್ಯಾಟರಿ. ಕಂಪನಿ ಹೆಸರು ಹೇಳುವುದಿಲ್ಲ. ಮುಂದೆ ಬೈಯುವುದೂ ಇದೆ. ಆದರೆ ಅದರಲ್ಲಿ ಮುಕ್ಕಾಲು ಪಾಲು ಈ ಗಾತ್ರದ ಯಾವ ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡರೂ ಎದುರಾಗುವಂಥದ್ದೇ.

ಕೊಳ್ಳುವ ಮುಂಚೆ ಎರಡು ತಿಂಗಳು ನಾನು ನೋಡಿದ್ದು ಬರೀ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಪಟ್ಟಿಗಳನ್ನು. ಯಾವ ಗೇಮ್‌ನಲ್ಲಿ ಎಷ್ಟು ಫ್ರೇಮ್, 4050 ಸಾಕಾ, 4070 ಬೇಕಾ, ಇದೇ ಧ್ಯಾನ. ಈಗ ಲೆಕ್ಕ ಹಾಕಿದರೆ ವಾರಕ್ಕೆ ನಾನು ಗೇಮ್ ಆಡುವುದು ಆರೇಳು ಗಂಟೆ. ಪರೀಕ್ಷೆ ಇದ್ದರೆ ಅದೂ ಇಲ್ಲ. ಅದೇ ಲ್ಯಾಪ್‌ಟಾಪ್ ಕ್ಲಾಸು, ಲ್ಯಾಬು, ಲೈಬ್ರರಿ ಅಂತ ರೂಮಿನ ಹೊರಗೆ ಕಳೆಯುವುದು ಮೂವತ್ತು ಗಂಟೆಗೂ ಮೇಲೆ. ಈ ಮೂವತ್ತು ಗಂಟೆ ಹೇಗಿರುತ್ತದೆ ಅಂತ ಒಂದು ಪಟ್ಟಿಯೂ ನನಗೆ ಹೇಳಿರಲಿಲ್ಲ.

ಬ್ಯಾಟರಿಯಿಂದಲೇ ಶುರು ಮಾಡುತ್ತೇನೆ. ನನ್ನ ತಲೆ ತಿಂದದ್ದು ಅದೇ.

ಲೆಕ್ಕ ಸುಲಭ. 73 ವ್ಯಾಟ್‌ಅವರ್ ಬ್ಯಾಟರಿಯಿಂದ ಲ್ಯಾಪ್‌ಟಾಪ್ 10 ವ್ಯಾಟ್ ಎಳೆದರೆ ಏಳು ಗಂಟೆ ಮೇಲೆ ಬರುತ್ತದೆ. 20 ವ್ಯಾಟ್ ಎಳೆದರೆ ಮೂರೂವರೆ. ನನಗೆ ಮೊದಲ ಸೆಮಿಸ್ಟರ್ ಪೂರ್ತಿ ಬಂದದ್ದು ಮೂರೂವರೆಯೇ. ಮಾಡುತ್ತಿದ್ದದ್ದಾದರೂ ಏನು? ಪಿಡಿಎಫ್ ಓದುವುದು, ನೋಟ್ಸ್ ಬರೆಯುವುದು. ಬ್ಯಾಟರಿಯೇ ಕೆಟ್ಟದ್ದು ಅಂದುಕೊಂಡು ಸುಮ್ನಿದ್ದೆ.

ಒಂದು ದಿನ ಲೈಬ್ರರಿಯಲ್ಲಿ ಬೇಜಾರಾಗಿ ಟಾಸ್ಕ್ ಮ್ಯಾನೇಜರ್ ತೆಗೆದು ನೋಡುತ್ತಿದ್ದೆ. ಈ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಎರಡು ಇರುತ್ತವೆ. ಪ್ರೊಸೆಸರ್ ಒಳಗೇ ಇರುವ ಸಣ್ಣದು ಒಂದು, ಎನ್‌ವಿಡಿಯಾದ ದೊಡ್ಡದು ಇನ್ನೊಂದು. ಗೇಮ್ ಇಲ್ಲದಾಗ ದೊಡ್ಡದು ಪೂರ್ತಿ ಮಲಗಬೇಕು. ನನ್ನದು ಮಲಗಿರಲೇ ಇಲ್ಲ. ಡೆಸ್ಕ್‌ಟಾಪ್ ಮೇಲೆ ಅಲೆ ಉಕ್ಕುವ ಒಂದು ಆ್ಯನಿಮೇಟೆಡ್ ವಾಲ್‌ಪೇಪರ್ ಹಾಕಿಕೊಂಡಿದ್ದೆ. ಅದು ದೊಡ್ಡ ಚಿಪ್ ಅನ್ನು ಎಬ್ಬಿಸಿ ಕೂರಿಸಿತ್ತು! ಅದನ್ನು ತೆಗೆದೆ. ಬ್ರೌಸರ್ ಮತ್ತು ಚಾಟ್ ಆ್ಯಪ್‌ಗಳನ್ನು ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ಗೆ ಹೋಗಿ ‘ಪವರ್ ಸೇವಿಂಗ್’ಗೆ ಹಾಕಿದೆ. ಸ್ಕ್ರೀನನ್ನು 165 ಹರ್ಟ್ಜ್‌ನಿಂದ 60ಕ್ಕೆ ಇಳಿಸಿದೆ. ಮಾರನೆಯ ದಿನ ಬೆಳಗ್ಗೆಯಿಂದ ಸಂಜೆ ನಾಲ್ಕರವರೆಗೆ ಚಾರ್ಜರ್ ಮುಟ್ಟಲಿಲ್ಲ. ಆರು ತಿಂಗಳು ಆ ಇಟ್ಟಿಗೆಯನ್ನು ಸುಮ್ನೆ ಹೊತ್ತಿದ್ದೆ.

ಇನ್ನೊಂದು ಪಾಠ ಸೆಮಿನಾರ್ ದಿನ ಆಯಿತು. ಪ್ರೊಜೆಕ್ಟರಿನ ಎಚ್‌ಡಿಎಂಐ ವೈರ್ ಚುಚ್ಚಿದ್ದೇ ತಡ, ಫ್ಯಾನ್ ಜೋರಾಯಿತು. ಸ್ಲೈಡ್‌ನಲ್ಲಿ ಇದ್ದದ್ದು ನಾಲ್ಕು ಸಾಲು ಮತ್ತು ಒಂದು ಗ್ರಾಫ್. ಇಪ್ಪತ್ತು ನಿಮಿಷದಲ್ಲಿ ಬ್ಯಾಟರಿ 40ರಿಂದ 25ಕ್ಕೆ ಬಂತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ ಕಿಂಡಿ ನೇರವಾಗಿ ದೊಡ್ಡ ಗ್ರಾಫಿಕ್ಸ್ ಚಿಪ್‌ಗೇ ಸೇರಿಕೊಂಡಿದೆ. ಸ್ಕ್ರೀನ್ ಸಿಕ್ಕಿಸಿದರೆ ಅದು ಏಳಲೇಬೇಕು. ಟೈಪ್-ಸಿ ಕಿಂಡಿ ಮಾತ್ರ ಸಣ್ಣ ಚಿಪ್ ಕಡೆಗಿದೆ. ಅವತ್ತಿನಿಂದ ಟೈಪ್-ಸಿಯಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರ್ ಒಂದು ಬ್ಯಾಗಿನಲ್ಲೇ ಇರುತ್ತದೆ. ಬೇರೆ ಮಾಡೆಲ್‌ಗಳಲ್ಲಿ ಇದು ಬೇರೆ ಥರ ಇರಬಹುದು. ಕೊಳ್ಳುವ ಮುಂಚೆ ಕೇಳಿ ನೋಡಿ, ಅಂಗಡಿಯವರು ನಿಮ್ಮ ಮುಖ ನೋಡುತ್ತಾರೆ, ಪರವಾಗಿಲ್ಲ.

ತೂಕದ ಕಾಟ ನಿಂತದ್ದೂ ಟೈಪ್-ಸಿಯಿಂದಲೇ. ಕಂಪನಿಯ ಚಾರ್ಜರ್ ರೂಮಿನಲ್ಲೇ ಬಿಟ್ಟು, 100 ವ್ಯಾಟ್‌ನ ಸಣ್ಣ ಚಾರ್ಜರ್ ಒಂದನ್ನು ಬ್ಯಾಗಿಗೆ ಹಾಕಿಕೊಂಡೆ. ಅಂಗೈಯಲ್ಲಿ ಹಿಡಿಸುತ್ತದೆ, ಫೋನಿಗೂ ಅದೇ ಆಗುತ್ತದೆ. ಓದು ಬರಹಕ್ಕೆ, ಸಾಲಿಡ್‌ವರ್ಕ್ಸ್ ಅನ್ನುವ ಡಿಸೈನ್ ಸಾಫ್ಟ್‌ವೇರಿನಲ್ಲಿ ಸಣ್ಣಪುಟ್ಟ ಭಾಗ ಬಿಡಿಸುವುದಕ್ಕೆ ಧಾರಾಳ ಸಾಕು. ಗೇಮ್ ಆಡಿದರೆ ಮಾತ್ರ ಚಾರ್ಜಿಗೆ ಹಾಕಿದ್ದರೂ ಬ್ಯಾಟರಿ ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ. ಯುಎಸ್‌ಬಿ-ಸಿಯಲ್ಲೇ 240 ವ್ಯಾಟ್‌ವರೆಗೆ ಕೊಡುವ ನಿಯಮ 2021ರಲ್ಲೇ ಬಂದಿದೆ. ಆದರೆ ನನ್ನದು 100ಕ್ಕಿಂತ ಜಾಸ್ತಿ ತಗೊಳ್ಳುವುದಿಲ್ಲ. ಟೈಪ್-ಸಿ ಕಿಂಡಿ ಇದ್ದ ಮಾತ್ರಕ್ಕೆ ಚಾರ್ಜ್ ಆಗುತ್ತದೆ ಅಂತಲೂ ಇಲ್ಲ. ನನ್ನ ರೂಮ್‌ಮೇಟ್‌ನ ಲ್ಯಾಪ್‌ಟಾಪಿನಲ್ಲಿ ಆ ಕಿಂಡಿ ಬರೀ ಡೇಟಾಗೆ. ಪಾಪ, ಅವನು ಇವತ್ತಿಗೂ ಇಟ್ಟಿಗೆ ಹೊರುತ್ತಾನೆ.

ಈಗ ಗ್ರಾಫಿಕ್ಸ್ ವಿಷಯ. 4060 ಅನ್ನುವ ಹೆಸರು ನೋಡಿ ಮೋಸ ಹೋಗಬೇಡಿ. ಲ್ಯಾಪ್‌ಟಾಪ್ 4060ಗೆ ಎನ್‌ವಿಡಿಯಾ ಕೊಟ್ಟಿರುವ ಮಿತಿಯೇ 35ರಿಂದ 115 ವ್ಯಾಟ್. ಎಷ್ಟು ಕೊಡಬೇಕು ಅನ್ನುವುದು ಲ್ಯಾಪ್‌ಟಾಪ್ ಮಾಡಿದವರ ಇಷ್ಟ. ತೆಳ್ಳಗಿನ ಡಬ್ಬದಲ್ಲಿ 50 ವ್ಯಾಟ್‌ನ 4060 ಇದ್ದರೂ ಸ್ಟಿಕ್ಕರ್ ಅದೇ. ನನ್ನದು 90 ವ್ಯಾಟ್. ನಮ್ಮ ಕ್ಲಾಸಿನ ಹುಡುಗಿಯೊಬ್ಬಳ ದೊಡ್ಡ ಲ್ಯಾಪ್‌ಟಾಪಿನಲ್ಲಿ ಬೂಸ್ಟ್ ಸೇರಿ 140. ಪಕ್ಕದಲ್ಲಿಟ್ಟು ಆಡಿ ನೋಡಿದೆವು, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೇಲೆ ಹೋದಂತೆ ಸಿಗುವ ಲಾಭ ಕಮ್ಮಿ. ಕೆಳಗೆ, 60ಕ್ಕಿಂತ ಇಳಿದರೆ ಪೆಟ್ಟು ಜೋರು. ಇನ್ನು ಡೆಸ್ಕ್‌ಟಾಪಿನ ಹೆಸರನ್ನೇ ಲ್ಯಾಪ್‌ಟಾಪಿಗೂ ಇಡುತ್ತಾರಲ್ಲ, ಅದು ಶುದ್ಧ ಕಿತಾಪತಿ. ಡೆಸ್ಕ್‌ಟಾಪ್ 4070ರಲ್ಲಿ 5888 ಕೋರ್, 12 ಜಿಬಿ ಮೆಮೊರಿ. ಲ್ಯಾಪ್‌ಟಾಪ್ 4070ರಲ್ಲಿ 4608 ಕೋರ್, 8 ಜಿಬಿ. ಆ 8 ಜಿಬಿಯೇ ನನ್ನ 4060ರಲ್ಲೂ ಇರುವುದು. 2025ರಲ್ಲಿ ಬಂದ ಲ್ಯಾಪ್‌ಟಾಪ್ 5060, 5070 ಕೂಡ 8 ಜಿಬಿಯಲ್ಲೇ ಶುರುವಾದವು. 4070ಗೆ ಜಾಸ್ತಿ ದುಡ್ಡು ಹಾಕದೇ ಇದ್ದದ್ದು ನಾನು ಮಾಡಿದ ಒಂದೇ ಜಾಣತನ.

ಗೇಮ್ ಹೇಗೆ ಓಡುತ್ತದೆ ಅಂದರೆ, ಚೆನ್ನಾಗಿ ಓಡುತ್ತದೆ. ಬಾಲ್ಡರ್ಸ್ ಗೇಟ್ 3 ಪೂರ್ತಿ ಇದರಲ್ಲೇ ಮುಗಿಸಿದೆ, ಡಿಎಲ್‌ಎಸ್‌ಎಸ್ (ಚಿತ್ರವನ್ನು ಸಣ್ಣದಾಗಿ ಬಿಡಿಸಿ ಆಮೇಲೆ ದೊಡ್ಡದು ಮಾಡುವ ಎನ್‌ವಿಡಿಯಾ ತಂತ್ರ) ಹಾಕಿಕೊಂಡು. ಹೊಸ ಗೇಮ್‌ಗಳಲ್ಲಿ ಟೆಕ್ಸ್‌ಚರ್ ಒಂದು ಹಂತ ಇಳಿಸಬೇಕು, ಅಷ್ಟೇ. ಸ್ಪರ್ಧೆಯ ಗೇಮ್ ಆಡುವವರು ಒಂದು ವಿಷಯ ನೆನಪಿಡಿ. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳುವ ಆಸೆ ಇದ್ದರೆ ವ್ಯಾಲರಂಟ್‌ನಂಥವು ಅದರಲ್ಲಿ ಓಡುವುದಿಲ್ಲ, ಮೋಸದಾಟ ತಡೆಯುವ ಅವುಗಳ ಆ್ಯಂಟಿ-ಚೀಟ್ ಬಿಡುವುದಿಲ್ಲ. ಬ್ಯಾಟರಿ ಮೇಲೆ ಗೇಮ್ ಆಡುವ ಯೋಚನೆಯನ್ನಂತೂ ಬಿಟ್ಟುಬಿಡಿ. ಫ್ರೇಮ್ ಅರ್ಧಕ್ಕೆ ಬೀಳುತ್ತದೆ, ಒಂದು ಗಂಟೆಯಲ್ಲಿ ಎಲ್ಲಾ ಖಾಲಿ.

ಬಿಸಿ, ಸದ್ದು ಎರಡೂ ಇವೆ. ಟರ್ಬೋ ಮೋಡ್‌ನಲ್ಲಿ ಪ್ರೊಸೆಸರ್ 90 ಡಿಗ್ರಿ ದಾಟುತ್ತದೆ. ಫ್ಯಾನ್ ಸದ್ದಿಗೆ ರೂಮ್‌ಮೇಟ್ ಮಗ್ಗುಲು ಬದಲಾಯಿಸುತ್ತಾನೆ. ಎರಡು ಕೆಲಸ ಮಾಡಿದ ಮೇಲೆ ಬದುಕು ಸುಧಾರಿಸಿತು. ಫ್ರೇಮ್ 60ಕ್ಕೆ ಕಟ್ಟಿಹಾಕಿದೆ, ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳುವ ಬೂಸ್ಟ್ ಆಫ್ ಮಾಡಿದೆ. ತಾಪಮಾನ 70ರ ಆಸುಪಾಸಿಗೆ ಇಳಿಯಿತು. ನಾನು ಆಡುವ ಗೇಮ್‌ಗಳಲ್ಲಿ ಏನೂ ಕಡಿಮೆಯಾದ ಹಾಗೆ ಅನ್ನಿಸಲಿಲ್ಲ. ಕ್ಲಾಸಿನಲ್ಲಿ ಯಾವಾಗಲೂ ಸೈಲೆಂಟ್ ಮೋಡ್. ಕೀಬೋರ್ಡಿನ ಬಣ್ಣಬಣ್ಣದ ಲೈಟನ್ನು ಮೊದಲ ದಿನವೇ ಆರಿಸಿಬಿಟ್ಟೆ, ಹಿಂದಿನ ಬೆಂಚಿನವರೆಲ್ಲ ಪಾಠ ಬಿಟ್ಟು ಅದನ್ನೇ ನೋಡುತ್ತಿದ್ದರು.

ಹೆದರಿಸಿದ್ದು ಮಾತ್ರ ಇನ್ನೊಂದು. ಎರಡನೇ ತಿಂಗಳಲ್ಲಿ ಒಂದು ಮಧ್ಯಾಹ್ನ, ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿ ಲ್ಯಾಬಿಗೆ ಹೋಗಿದ್ದೆ. ಎರಡು ಗಂಟೆ ಬಿಟ್ಟು ಬ್ಯಾಗಿಗೆ ಕೈ ಹಾಕಿದರೆ ಇಸ್ತ್ರಿ ಪೆಟ್ಟಿಗೆ ಮುಟ್ಟಿದ ಹಾಗಾಯಿತು. ಫ್ಯಾನ್ ಒಳಗೇ ತಿರುಗುತ್ತಿತ್ತು, ನೋಟ್‌ಬುಕ್ಕಿನ ಪ್ಲಾಸ್ಟಿಕ್ ರಟ್ಟು ಸೊಟ್ಟಗಾಗಿತ್ತು. ಮುಚ್ಚಳ ಮುಚ್ಚಿದರೆ ಈಗಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಪೂರ್ತಿ ಮಲಗುವುದಿಲ್ಲ, ಫೋನಿನ ಹಾಗೆ ಅರೆನಿದ್ದೆಯಲ್ಲಿರುತ್ತವೆ. ಯಾವುದೋ ಅಪ್‌ಡೇಟ್ ಬಂದು ಎಬ್ಬಿಸಿದರೆ ಮುಗಿಯಿತು. ಅವತ್ತೇ ಸೆಟ್ಟಿಂಗ್ ಬದಲಾಯಿಸಿದೆ. ಮುಚ್ಚಿದರೆ ಹೈಬರ್ನೇಟ್, ಅಂದರೆ ತೆರೆದಿದ್ದನ್ನೆಲ್ಲ ಎಸ್‌ಎಸ್‌ಡಿಗೆ ಬರೆದಿಟ್ಟು ಪೂರ್ತಿ ಆರಿಹೋಗುವುದು. ಏಳಲು ಹತ್ತು ಹದಿನೈದು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ ಬಿಡಿ. ಹೊಸ ಲ್ಯಾಪ್‌ಟಾಪ್ ತಂದವರು ಯಾರೇ ಕೇಳಲಿ, ನಾನು ಮೊದಲು ಮಾಡಿಸುವುದು ಇದನ್ನೇ.

ಪಶ್ಚಾತ್ತಾಪ ಅಂತ ಇದ್ದರೆ ಅದು ರ‍್ಯಾಮ್ ಬಗ್ಗೆ. ಇದರಲ್ಲಿ 16 ಜಿಬಿಯನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೆ. ಆಮೇಲೆ ಹಾಕಿಸುತ್ತೇನೆ ಅನ್ನುವ ಮಾತೇ ಇಲ್ಲ. ಆ 16ರಲ್ಲೂ ಸಣ್ಣ ಗ್ರಾಫಿಕ್ಸ್ ಚಿಪ್ ತನ್ನ ಪಾಲು ಎತ್ತಿಕೊಳ್ಳುತ್ತದೆ. ಮೊದಲ ವರ್ಷ ಗೊತ್ತೇ ಆಗಲಿಲ್ಲ. ಮೂರನೇ ವರ್ಷ ದೊಡ್ಡ ಅಸೆಂಬ್ಲಿ ಒಂದನ್ನು ಸಾಲಿಡ್‌ವರ್ಕ್ಸ್‌ನಲ್ಲಿ ತೆರೆದು, ಪಕ್ಕದಲ್ಲಿ ಮ್ಯಾಟ್‌ಲ್ಯಾಬ್, ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬ್ ಇಟ್ಟರೆ ಕರ್ಸರ್ ನಿಂತಲ್ಲೇ ನಿಲ್ಲುತ್ತದೆ. ರ‍್ಯಾಮ್ ಬೋರ್ಡಿಗೆ ಅಂಟಿದ ಮಾಡೆಲ್ ಆದರೆ 32 ಜಿಬಿಯದ್ದನ್ನೇ ತಗೊಳ್ಳಿ. ದುಡ್ಡು ಸಾಲದಿದ್ದರೆ ಗ್ರಾಫಿಕ್ಸ್‌ನಲ್ಲಿ ಒಂದು ಮೆಟ್ಟಿಲು ಇಳಿಯಿರಿ. ಎಸ್‌ಎಸ್‌ಡಿ ಬಗ್ಗೆ ತಲೆಬಿಸಿ ಬೇಡ. ಬಾಲ್ಡರ್ಸ್ ಗೇಟ್ 3 ಒಂದೇ 150 ಜಿಬಿ ಕೇಳುತ್ತದೆ, 512 ಯಾವ ಮೂಲೆಗೂ ಸಾಲುವುದಿಲ್ಲ ನಿಜ. ಆದರೆ ಅದನ್ನು ಬಿಚ್ಚಿ ಬದಲಾಯಿಸಬಹುದು. ನಾನೇ ಅರ್ಧ ಗಂಟೆಯಲ್ಲಿ 2 ಟಿಬಿಯದ್ದು ಹಾಕಿದೆ.

ಮ್ಯಾಕ್‌ಬುಕ್ ತಗೊಂಡ ಗೆಳೆಯರ ಬ್ಯಾಟರಿ ನೋಡಿ ಹೊಟ್ಟೆ ಉರಿಯುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಸಾಲಿಡ್‌ವರ್ಕ್ಸ್ ಮ್ಯಾಕ್‌ಗೆ ಇಲ್ಲ, ಗ್ರಾಫಿಕ್ಸ್ ಚಿಪ್‌ನಿಂದ ಲೆಕ್ಕ ಮಾಡಿಸುವ ಎನ್‌ವಿಡಿಯಾದ CUDA ಬಳಸುವ ಕೆಲಸಕ್ಕೆ ಎನ್‌ವಿಡಿಯಾ ಚಿಪ್ಪೇ ಬೇಕು. ನಿಮ್ಮ ಕೋರ್ಸ್‌ನಲ್ಲಿ ಯಾವ ಸಾಫ್ಟ್‌ವೇರ್ ಬರುತ್ತದೆ ಅಂತ ಸೀನಿಯರ್‌ಗಳನ್ನು ಕೇಳಿ, ಆಮೇಲೆ ಅಂಗಡಿಗೆ ಹೋಗಿ. ರೂಮಿನಲ್ಲಿ ಮಾತ್ರ ಗೇಮ್ ಆಡುವವರಾದರೆ, ಅಲ್ಲೊಂದು ಡೆಸ್ಕ್‌ಟಾಪ್ ಇಟ್ಟು ಕ್ಲಾಸಿಗೆ ಒಂದು ಹಗುರ ಲ್ಯಾಪ್‌ಟಾಪ್ ಒಯ್ಯುವುದೇ ಚೆಂದ ಅಲ್ವಾ ಅಂತ ನನಗೂ ಎಷ್ಟೋ ಸಲ ಅನ್ನಿಸಿದೆ. ಪ್ರತಿ ರಜೆಯಲ್ಲೂ ರೂಮ್ ಖಾಲಿ ಮಾಡಬೇಕಾದವರಿಗೆ ಅದು ಆಗುವ ಮಾತಲ್ಲ.

ಕೆಟ್ಟದ್ದೇನು? ಒಂದೇ. ಹದಿನಾಲ್ಕನೇ ತಿಂಗಳಲ್ಲಿ ಎಡಗಡೆ ಫ್ಯಾನ್ ಕಟಕಟ ಅನ್ನಲು ಶುರು ಮಾಡಿತು. ವಾರಂಟಿ ಹನ್ನೆರಡಕ್ಕೆ ಮುಗಿದಿತ್ತು. ಸರ್ವಿಸ್ ಸೆಂಟರ್‌ನಲ್ಲಿ ಫ್ಯಾನ್ ಒಂದನ್ನೇ ಬದಲಾಯಿಸುವುದಿಲ್ಲ, ಕೂಲಿಂಗ್ ಸೆಟ್ ಪೂರ್ತಿ ಹಾಕಬೇಕು, ಮೂರು ವಾರ ಬಿಟ್ಟುಹೋಗಿ ಅಂದರು. ಮುಂದಿನ ವಾರ ಪರೀಕ್ಷೆ. ವಾಪಸ್ ತಂದು, ಫ್ಯಾನ್ ಮೇಲಿನ ಪಾರ್ಟ್ ನಂಬರ್ ನೋಡಿ ಆನ್‌ಲೈನ್‌ನಲ್ಲಿ ತರಿಸಿದೆ. ಕೆಳಗಿನ ತಟ್ಟೆ ತೆಗೆದರೆ, ತಾಮ್ರದ ಪೈಪಿನ ತುದಿಯ ಜಾಲರಿಗೆ ಬೂದು ಬಣ್ಣದ ಧೂಳು ಕಂಬಳಿಯ ಹಾಗೆ ಅಂಟಿಕೊಂಡಿತ್ತು. ಚಿಮಟದಲ್ಲಿ ಒಂದೇ ಪಟ್ಟಿಯಾಗಿ ಎದ್ದು ಬಂತು. ಫ್ಯಾನಿನ ವೈರ್ ಕೂರುವ ಸಾಕೆಟ್ ಅಕ್ಕಿ ಕಾಳಿನಷ್ಟಿದೆ. ವೈರ್ ಹಿಡಿದು ಎಳೆಯಬಾರದು, ಉಗುರಿನಲ್ಲಿ ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪವೇ ತಳ್ಳಬೇಕು. ಬಿಸಿ ಸಾಗಿಸಲು ಪ್ರೊಸೆಸರ್ ಮೇಲೆ ಹಚ್ಚಿರುವ ಲಿಕ್ವಿಡ್ ಮೆಟಲ್ ತಂಟೆಗೆ ಹೋಗಲಿಲ್ಲ. ಅದು ಚೆಲ್ಲಿದರೆ ಬೋರ್ಡೇ ಹೋಗುತ್ತದೆ.

ಉಳಿದಂತೆ ಹಿಂಜ್ ಇನ್ನೂ ಬಿಗಿಯಾಗಿದೆ, ಸ್ಪೇಸ್ ಬಾರ್ ನುಣ್ಣಗಾಗಿ ಹೊಳೆಯುತ್ತಿದೆ. ರೂಮಿನಲ್ಲಿ ಯಾವಾಗಲೂ ಚಾರ್ಜಿಗೆ ಹಾಕಿಯೇ ಇರುವುದರಿಂದ ಬ್ಯಾಟರಿ 80ಕ್ಕೆ ನಿಲ್ಲುವ ಹಾಗೆ ಮಾಡಿದ್ದೆ. ಮೊನ್ನೆ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದರೆ 73ರಲ್ಲಿ 63 ವ್ಯಾಟ್‌ಅವರ್ ಉಳಿದಿದೆ ಅಂತ ಬಂತು. ಕೋರ್ಸ್ ಮುಗಿಯುವವರೆಗೆ ಸಾಕು. ಈ ವಾರ ಬಲಗಡೆ ಫ್ಯಾನ್ ಕೂಡ ಸಣ್ಣಗೆ ರಾಗ ತೆಗೆದಿದೆ. ಆ ಸ್ಕ್ರೂಡ್ರೈವರ್ ಎಲ್ಲಿಟ್ಟೆನೋ, ಹುಡುಕಬೇಕು.